ಪೀಣ್ಯ ಸೆಕೆಂಡ್ ಸ್ಟೇಜ್ ಮೋಲ್ಡಿಂಗ್ ಶಾಪ್: ರೇಟ್ ಆಮೇಲೆ, ಮೊದ್ಲು ಮಟೀರಿಯಲ್ ಮಾತು

ಮೊದಲ್ನೇ ಸಲ ಪ್ಲಾಸ್ಟಿಕ್ ಪಾರ್ಟ್‌ಗೆ ಡೈ (ಅಚ್ಚು) ಮಾಡಿಸ್ತಿರೋರು ಕಣ್ಮುಚ್ಕೊಂಡು ಇಲ್ಲಿಗೆ ಹೋಗಿ. ಪೀಣ್ಯದಲ್ಲಿ ಇಂಜೆಕ್ಷನ್ ಮೋಲ್ಡಿಂಗ್ (ಕರಗಿಸಿದ ಪ್ಲಾಸ್ಟಿಕ್ಕನ್ನ ಡೈಯೊಳಗೆ ಒತ್ತಿ ಪೀಸ್ ತೆಗೆಯೋದು) ಮಾಡೋರಿಗೇನೂ ಬರ ಇಲ್ಲ, ಆದ್ರೆ ಸುಮಾರು ಕಡೆ ಡ್ರಾಯಿಂಗ್ ನೋಡಿದ್ ತಕ್ಷಣ "ಎಬಿಎಸ್‌ನಲ್ಲಿ ಹೊಡ್ಕೊಡ್ತೀವಿ ಸಾರ್" ಅಂತ ರೇಟಿಗೇ ಬಂದ್ಬಿಡ್ತಾರೆ (ಎಬಿಎಸ್ ಅಂದ್ರೆ ಸಾಮಾನ್ಯವಾಗಿ ಬಳಸೋ ಒಂದು ಗಟ್ಟಿ ಪ್ಲಾಸ್ಟಿಕ್). ಇಲ್ಲಿ ಓನರ್ ಕೇಳಿದ್ದೇ ಬೇರೆ, ಬಿಸಿಲಲ್ಲಿರುತ್ತಾ, ನೀರು ತಾಗುತ್ತಾ, ಲೋಡ್ ಎಲ್ಲಿ ಬೀಳುತ್ತೆ, ಏನ್ ಹಾಕಿ ಒರೆಸ್ತಾರೆ.

ನಂದು ಟೆರೇಸಲ್ಲಿ ಟ್ಯಾಂಕ್ ಪಕ್ಕ ಕೂರೋ ವಾಟರ್ ಲೆವೆಲ್ ಕಂಟ್ರೋಲರ್ ಬಾಕ್ಸು, ಜೊತೆಗೆ ವಾಲ್ವ್ ತಿರುಗ್ಸೋ ಚಿಕ್ಕ ಗೇರು. ಎಬಿಎಸ್ ಒಳಗಿರೋ ಬ್ಯೂಟಾಡೈನ್ ರಬ್ಬರ್ ಬಿಸಿಲಿಗೆ ಹಾಳಾಗುತ್ತೆ, ಮೊದ್ಲು ಹಳದಿ ಆಮೇಲೆ ಪೆಡಸು ಅಂತ ಹೇಳಿ ಯಾವ್ದೋ ಹಳೇ ಮುಚ್ಚಳ ಕೈಗ್ ಕೊಟ್ರು, ಸ್ಕ್ರೂ ತೂತಿನ ಸುತ್ತ ಸಣ್ಣ ಸಣ್ಣ ಬಿರುಕು, ಉಗುರಲ್ಲಿ ಒತ್ತಿದ್ರೆ ಚೂರು ಎದ್ದು ಬರ್ತಿತ್ತು. ಅದಕ್ಕೇ ಬಾಕ್ಸಿಗೆ ಬಿಸಿಲು ತಡೆಯೋ ಎಎಸ್‌ಎ ಪ್ಲಾಸ್ಟಿಕ್ ಅಂದ್ರು, ಶ್ರಿಂಕೇಜ್ (ಆರಿದಾಗ ಕುಗ್ಗೋದು) ಹೆಚ್ಚೂಕಮ್ಮಿ ಎಬಿಎಸ್ ಥರನೇ ಇರೋದ್ರಿಂದ ಡೈ ಸೈಜ್ ಬದಲಾಗಲ್ಲ. ಪಿಪಿ (ಪಾಲಿಪ್ರೊಪಿಲೀನ್) ಚೀಪಲ್ವಾ ಅಂತ ಕೇಳ್ದೆ. ಎಬಿಎಸ್ ಕುಗ್ಗೋದು 0.4ರಿಂದ 0.7 ಪರ್ಸೆಂಟು, ಪಿಪಿ 1ರಿಂದ 2.5ರವರೆಗೂ ಹೋಗುತ್ತೆ, ಆಮೇಲೆ ಮನಸ್ಸು ಬದಲಾಯ್ಸಿದ್ರೆ ಅದೇ ಡೈಯಲ್ಲಿ ಮುಚ್ಚಳ ಕೂರಲ್ಲ, ಈಗ್ಲೇ ಡಿಸೈಡ್ ಮಾಡಿ ಅಂದ್ರು. ಈ ಮಾತನ್ನ ಡೈ ಕಟ್ ಮಾಡೋಕ್ ಮುಂಚೆ ಹೇಳೋರು ಸಿಗೋದೇ ದೊಡ್ಡದು.

ಗೇರಿಗೆ ನಾನು ನೈಲಾನ್ ಬರ್ದಿದ್ದೆ. ನೈಲಾನ್ 6 ಗಟ್ಟಿ ಹೌದು, ಸವೆಯೋದೂ ಕಮ್ಮಿ, ಆದ್ರೆ ನೀರಲ್ಲೇ ಬಿದ್ದಿದ್ರೆ ತೂಕದ ಸುಮಾರು 9 ಪರ್ಸೆಂಟ್ ನೀರು ಕುಡಿದು ಊದ್ಕೊಳ್ಳುತ್ತೆ, ಹಲ್ಲು ಬಿಗಿ ಹಿಡಿಯುತ್ತೆ. ಅಸಿಟಾಲ್, ಅದೇ ಪಿಒಎಂ, ಒಂದು ಪರ್ಸೆಂಟೂ ಕುಡಿಯಲ್ಲ, ಅದನ್ನೇ ಹಾಕ್ಸಿದ್ವಿ, ನೀರಲ್ಲಿ ನೆನೆಸಿಟ್ಟು ನೋಡಿದ್ರೂ ಹಗುರವಾಗಿ ತಿರುಗ್ತಿದೆ. ಎಲ್‌ಇಡಿ ಕಾಣೋ ಕಿಟಕಿಗೆ ಪಾಲಿಕಾರ್ಬೊನೇಟು ಅನ್ನೋ ಪಾರದರ್ಶಕ ಪ್ಲಾಸ್ಟಿಕ್, ಪ್ಲಾಸ್ಟಿಕ್ ಕಾಳು ಒಣಗಿಸೋ ಹಾಪರ್ ಡ್ರೈಯರಲ್ಲಿ 120 ಡಿಗ್ರಿಗಿಟ್ಟು ಗಂಟೆಗಟ್ಟಲೆ ಒಣಗಿಸಿಯೇ ಮೆಷಿನ್ನಿಗೆ ಹಾಕಿದ್ದು, ತೇವ ಉಳಿದ್ರೆ ಬರೋ ಬೆಳ್ಳಿ ಗೆರೆ ಪೀಸಲ್ಲಿ ಒಂದೂ ಇಲ್ಲ. ಥಿನ್ನರಲ್ಲಿ ಮಾತ್ರ ಒರೆಸ್ಬೇಡಿ, ಬಿರುಕು ಬಿಡುತ್ತೆ ಅಂತಾನೂ ಹೇಳಿ ಕಳ್ಸಿದ್ರು.

ಬೇಜಾರಾಗೋದು ಡೇಟ್ ವಿಷ್ಯದಲ್ಲಿ, ಟ್ರಯಲ್ ಇವತ್ತು ನಾಳೆ ಅಂತ ಎಳೀತಾರೆ, ಫೋನ್ ಎತ್ತಲ್ಲ, ನೇರವಾಗಿ ಹೋಗಿ ಕೂತ್ರೇನೇ ಕೆಲ್ಸ. ಎಎಸ್‌ಎ ಕಮ್ಮಿ ಬೇಕಂದ್ರೂ 25 ಕೆಜಿ ಮೂಟೆ ಪೂರ್ತಿ ನಾವೇ ತಗೋಬೇಕು, ಎಬಿಎಸ್‌ಗಿಂತ ದುಡ್ಡೂ ಜಾಸ್ತಿ. ಮೆಟ್ರೋದಲ್ಲಿ ಹೋಗೋರು ಪೀಣ್ಯ ಇಂಡಸ್ಟ್ರಿ ಸ್ಟೇಷನ್ನಲ್ಲಿ ಇಳಿದು ಆಟೋ ಹಿಡೀರಿ, ಪಾರ್ಟ್‌ದು ಒಂದು ತ್ರೀಡಿ ಪ್ರಿಂಟ್ ಕೈಯಲ್ಲಿರ್ಲಿ, ಬರೀ ಫೈಲ್ ತೋರ್ಸಿದ್ರೆ ಅವ್ರಿಗೆ ಸಮಾಧಾನ ಆಗಲ್ಲ.