‘64 ಬಿಟ್ ಸಪೋರ್ಟ್ ಇದೆ’ ಅಂದ ಮಾತು ನಂಬಿ ಕಾರ್ಡ್ ತಗೊಳ್ಳಬೇಡಿ

ಬರೆಯೋಕೆ ನಾಚಿಕೆ ಆಗುತ್ತಿದೆ. ಹನ್ನೊಂದು ವರ್ಷದಿಂದ ಕಂಪ್ಯೂಟರ್ ಕಾರ್ಡುಗಳನ್ನು ನಡೆಸುವ ಸಾಫ್ಟ್‌ವೇರ್, ಅಂದರೆ ಡ್ರೈವರ್, ಬರೆಯುವ ಕೆಲಸ ಮಾಡುತ್ತಿದ್ದೇನೆ, ಆದರೂ ಮೋಸ ಹೋದೆ. ನೀವು ಹೋಗಬೇಡಿ.

ಪೀಣ್ಯದ ಒಂದು ಕಾರ್ಖಾನೆಗೆ ಮೋಟಾರುಗಳ ವೈಬ್ರೇಶನ್ ಅಳೆಯುವ ಸಿಸ್ಟಮ್ ಮಾಡಿಕೊಡಬೇಕಿತ್ತು. ಅದಕ್ಕೆ ಕಂಪ್ಯೂಟರ್ ಒಳಗೆ ಕೂರಿಸುವ 6 ಪಿಸಿಐ ಎಕ್ಸ್‌ಪ್ರೆಸ್ ಕಾರ್ಡ್ ತರಿಸಿದೆ. ಲಿನಕ್ಸ್ ಡ್ರೈವರನ್ನು ಮಾರಿದವರೇ ಕೊಟ್ಟರು. ಕೊಟೇಶನ್‌ನಲ್ಲಿ ‘64 ಬಿಟ್ ಸಪೋರ್ಟ್’ ಅಂತಲೇ ಇತ್ತು. ಡಿಎಂಎ ಅಂದರೆ ಸಿಪಿಯು ನಡುವೆ ಬಾರದೆ ಕಾರ್ಡೇ ನೇರವಾಗಿ ಮೆಮೊರಿಗೆ ಬರೆಯೋದು; 32 ಬಿಟ್ ವಿಳಾಸ ಮಾತ್ರ ಇದ್ದರೆ ಅದು 4 ಜಿಬಿವರೆಗೆ ಮಾತ್ರ ಮುಟ್ಟುತ್ತದೆ. ಅದಕ್ಕೇ ಫೋನಿನಲ್ಲಿ ಬಿಡಿಸಿ ಕೇಳಿದೆ: “4 ಜಿಬಿಗಿಂತ ಮೇಲಿನ ಮೆಮೊರಿಗೂ ಡಿಎಂಎ ಆಗುತ್ತಾ?” “ಆಗುತ್ತೆ ಸರ್, ಪೂರ್ತಿ 64 ಬಿಟ್.” ಆ ಮಾತನ್ನು ಮೇಲ್‌ನಲ್ಲಿ ಬರೆಸಿಕೊಳ್ಳಲಿಲ್ಲ.

ನನ್ನ ಮೇಜಿನ ಮೇಲಿದ್ದ ಹಳೇ 2 ಜಿಬಿ ಮಷಿನ್‌ನಲ್ಲಿ ಮೂರು ದಿನ ಚೆನ್ನಾಗಿ ಓಡಿತು. ಕಾರ್ಖಾನೆಯ 16 ಜಿಬಿ ಮಷಿನ್‌ಗೆ ಹಾಕಿದೆ. ಅರ್ಧ ಗಂಟೆಗೇ ಗ್ರಾಫ್ ಅಲ್ಲಲ್ಲಿ ಚಪ್ಪಟೆ. ಆಮೇಲೆ ಮಷಿನ್ ಹ್ಯಾಂಗ್. ಮಾರನೇ ದಿನ ಫೈಲ್ ಸಿಸ್ಟಮ್ಮೇ ಕೆಟ್ಟು ಬೂಟ್ ಆಗಲಿಲ್ಲ. ಸೂಪರ್‌ವೈಸರ್ ಪಕ್ಕದಲ್ಲೇ ನಿಂತು ಕೇಳಿದರು, “ನಿಮ್ಮ ಕಾರ್ಡ್ ಹಾಕಿದ ಮೇಲೇ ಅಲ್ವಾ ಇದೆಲ್ಲ?” ಉತ್ತರ ಕೊಡೋಕೆ ಬಾಯಿ ಬರಲಿಲ್ಲ.

ಮಾರಿದವರಿಗೆ ಬರೆದೆ. ಮೊದಲ ಉತ್ತರ: “ರ‍್ಯಾಮ್ ಕೆಟ್ಟಿರಬಹುದು, ಬದಲಾಯಿಸಿ ನೋಡಿ.” ರಾತ್ರಿಯಿಡೀ ಮೆಮ್‌ಟೆಸ್ಟ್ ಓಡಿಸಿದೆ, ಒಂದು ತಪ್ಪೂ ಇಲ್ಲ. ಆದರೂ ಕೈಯಿಂದ ದುಡ್ಡು ಹಾಕಿ ರ‍್ಯಾಮ್ ಬದಲಾಯಿಸಿದೆ. ಎರಡನೇ ಉತ್ತರ: “ನಮ್ಮಲ್ಲಿ ಸರಿಯಾಗಿ ಓಡ್ತಿದೆ.” ಮೂರನೇದು: “ಬೂಟ್ ಲೈನ್‌ನಲ್ಲಿ ಮೆಮೊರಿಯನ್ನು 2 ಜಿಬಿಗೆ ಇಳಿಸಿ, ಸರಿ ಹೋಗುತ್ತೆ.”

ಇದನ್ನು ಓದಿ ಮೈ ಉರಿದುಹೋಯಿತು. ಇಂಥ ಸಲಹೆ ಸುಮ್ನೆ ಹೊಳೆಯಲ್ಲ. ವಿಷಯ ಗೊತ್ತಿದ್ದವರೇ ಹೀಗೆ ಹೇಳೋದು.

ಅವತ್ತು ರಾತ್ರಿ ಡ್ರೈವರ್ ಬಿಚ್ಚಿ ಕೂತೆ. ಕರ್ನಲ್ (ಲಿನಕ್ಸ್‌ನ ತಿರುಳು) ಕೊಟ್ಟ ಬಫರ್, ಅಂದರೆ ಡೇಟಾ ಬಂದು ಬೀಳಬೇಕಾದ ಮೆಮೊರಿ ಜಾಗದ ವಿಳಾಸವನ್ನು ಲಾಗ್‌ಗೆ ಪ್ರಿಂಟ್ ಮಾಡಿಸಿದೆ. ಹೆಕ್ಸ್‌ನಲ್ಲಿ 134600000. ಕಾರ್ಡ್ ಆ ವಿಳಾಸವನ್ನು ಇಟ್ಟುಕೊಳ್ಳುವ ರಿಜಿಸ್ಟರನ್ನು ವಾಪಸ್ ಓದಿದೆ: 34600000. ಮೊದಲ 1 ಇಲ್ಲ! ಮೇಲಿನ 32 ಬಿಟ್‌ಗೆ ಅಂತ ಮ್ಯಾನ್ಯುಯಲ್‌ನಲ್ಲಿ ಬೇರೆ ರಿಜಿಸ್ಟರ್ ಇದೆ. ಅದಕ್ಕೆ 1 ಬರೆದು ಓದಿದರೆ 0. ಮತ್ತೆ ಬರೆದೆ, ಮತ್ತೆ 0. ಅಂದರೆ ಕಾರ್ಡ್ ಈ ವಿಳಾಸಕ್ಕಿಂತ ಸರಿಯಾಗಿ 4 ಜಿಬಿ ಕೆಳಗೆ, ಬೇರೆ ಯಾರದೋ ಪೇಜಿನ (ಮೆಮೊರಿ ತುಂಡಿನ) ಮೇಲೆ ಬರೆಯುತ್ತಿತ್ತು. ಫೈಲ್ ಸಿಸ್ಟಮ್ ಕೆಡದೆ ಇನ್ನೇನಾಗುತ್ತದೆ?

ಡ್ರೈವರ್ ನೋಡಿದರೆ ಡಿಎಂಎ ಮಾಸ್ಕ್ 64 ಬಿಟ್ ಅಂತ ಹಾಕಿದ್ದಾರೆ. ಡಿವೈಸ್ ಎಲ್ಲಿವರೆಗೆ ಮುಟ್ಟಬಲ್ಲದು ಅಂತ ಕರ್ನಲ್‌ಗೆ ಹೇಳಬೇಕಾದ್ದು ಡ್ರೈವರ್. ಕರ್ನಲ್ ಆ ಮಾತನ್ನು ನಂಬುತ್ತದೆ. ಏನೂ ಹೇಳದಿದ್ದರೆ 32 ಬಿಟ್ ಅಂತಲೇ ತಿಳಿದುಕೊಳ್ಳುತ್ತದೆ. ಆ ಒಂದು ಸಾಲು ಬರೆಯದೇ ಇದ್ದಿದ್ದರೆ ಕರ್ನಲ್ ಕಾರ್ಡಿಗೆ 4 ಜಿಬಿ ಮೇಲಿನ ವಿಳಾಸ ಕೊಡುತ್ತಲೇ ಇರಲಿಲ್ಲ!

ಎರಡೂ ನಂಬರ್‌ಗಳ ಫೋಟೋ ಕಳಿಸಿದೆ. ಬಂದ ಉತ್ತರ: “64 ಬಿಟ್ ಅಂದ್ರೆ ನಮ್ಮ ಬಿಎಆರ್ 64 ಬಿಟ್ ಸರ್. ಡಿಎಂಎ ಅಂತ ಕೊಟೇಶನ್‌ನಲ್ಲಿ ಎಲ್ಲಿ ಬರೆದಿದೆ?” ಬಿಎಆರ್ ಇರೋದು ಸಿಪಿಯು ಕಾರ್ಡನ್ನು ಮುಟ್ಟೋಕೆ. ಡಿಎಂಎ ಅಂದರೆ ಕಾರ್ಡು ಮೆಮೊರಿಯನ್ನು ಮುಟ್ಟೋದು. ಎರಡೂ ಬೇರೆ ಬೇರೆ ದಿಕ್ಕು. ಫೋನಿನಲ್ಲಿ ನಾನು ಕೇಳಿದ್ದು ಡಿಎಂಎ. ಡಿಎಂಎ ಅಂತಲೇ ಕೇಳಿದ್ದೆ.

ಮಾಸ್ಕನ್ನು 32 ಮಾಡಿದೆ. ಆಗ ‘ಸ್ವಿಯೋಟಿಎಲ್‌ಬಿ ಬಫರ್ ಈಸ್ ಫುಲ್’ ಅಂತ ಲಾಗ್ ತುಂಬಿತು. ಕಾರ್ಡ್ ಮುಟ್ಟಲಾಗದ ಮೆಮೊರಿಯ ಬದಲು ಡೇಟಾ ಮೊದಲು ಇಳಿಯಲಿ ಅಂತ ಕರ್ನಲ್ 4 ಜಿಬಿ ಒಳಗೆ ಇಟ್ಟುಕೊಳ್ಳುವ ಜಾಗ ಅದು. ಆ ಬೌನ್ಸ್ ಬಫರ್ ಸಾಮಾನ್ಯವಾಗಿ ಒಟ್ಟು 64 ಎಂಬಿ, ಒಂದು ಸಲಕ್ಕೆ ಸಿಗೋದು 256 ಕೆಬಿ. ಇವರ ಡ್ರೈವರ್ 1 ಎಂಬಿ ಕೇಳುತ್ತದೆ. ಮ್ಯಾಪಿಂಗ್ ಆಯಿತೋ (ಜಾಗ ಸಿಕ್ಕಿತೋ) ಇಲ್ಲವೋ ಅಂತ ನೋಡೋದೂ ಇಲ್ಲ. ಕೊನೆಗೆ ಶುರುವಿನಲ್ಲೇ 4 ಜಿಬಿ ಒಳಗೆ ಕೊಹೆರೆಂಟ್ ಬಫರ್ (ಸಿಪಿಯು, ಕಾರ್ಡ್ ಎರಡೂ ಹಂಚಿಕೊಳ್ಳುವ ಕಾಯಂ ಜಾಗ) ತಗೊಂಡು ಅದನ್ನೇ ರಿಂಗ್ ಮಾಡಿ, ಅಂದರೆ ಸುತ್ತಿ ಸುತ್ತಿ ಬಳಸಿ, ಓಡಿಸುತ್ತಿದ್ದೇನೆ. ಹದಿನೈದು ದಿನದ ಕೆಲಸ. ಯಾರೂ ದುಡ್ಡು ಕೊಡಲಿಲ್ಲ.

ಕಾರ್ಡ್ ತಗೊಳ್ಳೋ ಮುಂಚೆ ‘ಡಿಎಂಎಗೆ ಎಷ್ಟು ಅಡ್ರೆಸ್ ಬಿಟ್’ ಅಂತ ಮೇಲ್‌ನಲ್ಲೇ ಕೇಳಿ, ನಂಬರ್ ಬರೆಸಿಕೊಳ್ಳಿ. ಸಣ್ಣ ಮಷಿನ್‌ನಲ್ಲಿ ನೋಡಿ ಸಮಾಧಾನ ಪಡಬೇಡಿ. 4 ಜಿಬಿ ಮಷಿನ್‌ನಲ್ಲೂ ಸ್ವಲ್ಪ ರ‍್ಯಾಮ್ 4 ಜಿಬಿ ಗಡಿಯಿಂದ ಮೇಲೆ ಹೋಗಿರುತ್ತದೆ. ವಿಳಾಸದ ಮೇಲಿನ 32 ಬಿಟ್‌ಗೆ ರಿಜಿಸ್ಟರ್ ಇದ್ದರೆ ಬರೆದು ವಾಪಸ್ ಓದಿ, ಎರಡು ನಿಮಿಷದ ಕೆಲಸ.

ಉಳಿದ 2 ಕಾರ್ಡ್ ವಾಪಸ್ ತಗೊಳ್ಳಿ ಅಂದೆ. “ಪ್ಯಾಕ್ ಒಡೆದಿದ್ದೀರಿ, ಆಗಲ್ಲ” ಅಂದರು. ಆಮೇಲೆ ಕಳಿಸಿದ ಮೂರು ಮೇಲ್‌ಗೂ ಉತ್ತರ ಇಲ್ಲ.