ವಿಯೆಟ್ನಾಮೋ, ಫ್ರಾನ್ಸೋ: ಬೆಳಗಾವಿಯಿಂದ ಹೊರಡುವವರಿಗೆ ವೀಸಾ ಹೋಲಿಕೆ

ಮೊದಲ ವಿದೇಶ ಪ್ರವಾಸಕ್ಕೆ ಈ ಎರಡರಲ್ಲಿ ಒಂದನ್ನು ಆರಿಸಬೇಕಾದ ಬೆಳಗಾವಿಯ ಕುಟುಂಬಕ್ಕೆ ನಾನು ವಿಯೆಟ್ನಾಮನ್ನೇ ಸೂಚಿಸುತ್ತೇನೆ. ಪಾಸ್‌ಪೋರ್ಟಿನ ಮಾಹಿತಿ ಪುಟವನ್ನೂ ಭಾವಚಿತ್ರವನ್ನೂ ಮನೆಯಿಂದಲೇ ಸಲ್ಲಿಸಿ, ಒಂದು ಬಾರಿಯ ಪ್ರವೇಶಕ್ಕೆ 25 ಡಾಲರ್ ಕಟ್ಟಿದರೆ, ಗರಿಷ್ಠ 90 ದಿನಗಳ ಇ-ವೀಸಾಕ್ಕೆ ಅರ್ಜಿ ಪೂರ್ಣವಾಗುತ್ತದೆ. ತಂದೆಯ ಹೆಸರನ್ನೂ ಮನೆತನದ ಹೆಸರನ್ನೂ ಸೇರಿಸಿ ಬರೆಯುವ ನಮ್ಮ ಕಡೆಯವರು, ಪಾಸ್‌ಪೋರ್ಟಿನಲ್ಲಿರುವಂತೆಯೇ, ಒಂದಕ್ಷರವೂ ತಪ್ಪದಂತೆ ಹೆಸರನ್ನು ತುಂಬಬೇಕು.

ಫ್ರಾನ್ಸಿಗೆ ಬೇಕಾದ ಷೆಂಗೆನ್ ವೀಸಾದ, ಅಂದರೆ ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿ ಸಲ್ಲುವ ವೀಸಾದ, ಸಿದ್ಧತೆ ದೊಡ್ಡದು. ಬ್ಯಾಂಕ್ ಸ್ಟೇಟ್‌ಮೆಂಟ್, ಆದಾಯ ತೆರಿಗೆ ರಿಟರ್ನ್, ಕಚೇರಿಯ ರಜೆ ಪತ್ರ, ಹೋಟೆಲ್ ಬುಕಿಂಗ್, ಕನಿಷ್ಠ 30,000 ಯೂರೋ ವೈದ್ಯಕೀಯ ವೆಚ್ಚ ಭರಿಸುವ ಪ್ರವಾಸ ವಿಮೆ, ಇವೆಲ್ಲದರ ದಿನಾಂಕಗಳು ಒಂದಕ್ಕೊಂದು ತಾಳೆಯಾಗಬೇಕು. ವಯಸ್ಕರ ಶುಲ್ಕ 90 ಯೂರೋ. ವೀಸಾ ನಿರಾಕರಿಸಿದರೂ ಅದು ಮರಳುವುದಿಲ್ಲ. ಬೆರಳಚ್ಚು ನೀಡಲು ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹಿಡಿದು ಬೆಂಗಳೂರಿಗೆ ಖುದ್ದಾಗಿ ಹೋಗುವ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಬೇಕು. ಆದರೂ ಅದೇ ವೀಸಾದಲ್ಲಿ ಇಟಲಿ, ಸ್ವಿಟ್ಜರ್ಲೆಂಡ್‌ಗಳನ್ನೂ ನೋಡಬಯಸುವವರಿಗೆ ಈ ಶ್ರಮ ಖಂಡಿತ ಸಾರ್ಥಕ.