ಎರಡು ಹಳೆಯ ಡ್ಯಾಕ್, ಒಂದು ಪರಸಿ ಕಲ್ಲಿನ ಕೋಣೆ

ಅಪ್ಪನಿಗೆ ಬೆಳಿಗ್ಗೆ ಮಲ್ಲಿಕಾರ್ಜುನ ಮನ್ಸೂರರ ಗಾಯನ ಬೇಕೇ ಬೇಕು. ಕಲಬುರಗಿಯ ನಮ್ಮ ಮನೆಯಲ್ಲಿ ಹಳೆಯ ಆಂಪ್ಲಿಫೈಯರ್ ಇದೆ, ಒಳ್ಳೆಯ ಸ್ಪೀಕರ್ ಇವೆ. ಹಾಡು ಬರುತ್ತಿದ್ದದ್ದು ಲ್ಯಾಪ್‌ಟಾಪಿನ ಹೆಡ್‌ಫೋನ್ ತೂತಿನಿಂದ. ಚಾರ್ಜರ್ ಚುಚ್ಚಿದ ಕೂಡಲೇ ಗುಂಯ್ ಅನ್ನುವ ಸದ್ದು ಶುರು. ಅದು ತಂಬೂರಿಯ ನಾದದ ಅಡಿಯಲ್ಲೇ ಕೂತುಬಿಡುತ್ತಿತ್ತು. ಅದಕ್ಕೇ ಡ್ಯಾಕ್ ಹುಡುಕಿದೆ. ಫೈಲಿನಲ್ಲಿರುವ ಅಂಕಿಗಳನ್ನು ಆಂಪ್ಲಿಫೈಯರಿಗೆ ಬೇಕಾದ ಅಲೆಯಾಗಿ ಮಾಡಿಕೊಡುವ ಪೆಟ್ಟಿಗೆ ಅದು.

ಸೆಕೆಂಡ್ ಹ್ಯಾಂಡ್‌ನಲ್ಲಿ ಎರಡು ಸಿಕ್ಕವು. ಒಂದು ಕೇಂಬ್ರಿಡ್ಜ್ ಆಡಿಯೊ ಡ್ಯಾಕ್‌ಮ್ಯಾಜಿಕ್, ಹದಿನೈದು ವರ್ಷದ ಹಿಂದಿನದು. ಇನ್ನೊಂದು ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು, ಟಾಪಿಂಗ್ ಡಿ10ಎಸ್. ಹಳೆಯದರಲ್ಲಿ ವುಲ್ಫ್‌ಸನ್ ಡಬ್ಲ್ಯುಎಂ8740 ಚಿಪ್ ಎರಡಿವೆ. ಚಿಕ್ಕದರಲ್ಲಿ ಇಎಸ್‌ಎಸ್ ಕಂಪನಿಯ ಇಎಸ್9038ಕ್ಯೂ2ಎಂ ಒಂದೇ. ಕೊಳ್ಳುವಾಗ ಎಲ್ಲರೂ ಕೇಳುವುದು ಈ ಚಿಪ್ಪಿನ ಹೆಸರನ್ನೇ. ನಾನೂ ಅದನ್ನೇ ಕೇಳಿದ್ದೆ. ಕೇಳಬೇಕಾಗಿದ್ದದ್ದು ಅಡಾಪ್ಟರ್ ಬಗ್ಗೆ.

ಡ್ಯಾಕ್‌ಮ್ಯಾಜಿಕ್‌ಗೆ ಬೇಕಾದದ್ದು 12 ವೋಲ್ಟ್ ಎಸಿ. ಡಿಸಿ ಅಲ್ಲ. ಮಾರಿದವರು ಯಾವುದೋ ರೂಟರಿನ 12 ವೋಲ್ಟ್ ಡಿಸಿ ಅಡಾಪ್ಟರ್ ಇಟ್ಟು ಕಳಿಸಿದ್ದರು. ಪಿನ್ ಸರಿಯಾಗಿ ಕೂರುತ್ತದೆ, ಡ್ಯಾಕ್ ಮಾತ್ರ ಏಳುವುದಿಲ್ಲ. ಎರಡು ದಿನ ಪೆಟ್ಟಿಗೆಯೇ ಕೆಟ್ಟಿದೆ ಅಂದುಕೊಂಡಿದ್ದೆ. ಕೊನೆಗೆ ಟ್ರಾನ್ಸ್‌ಫಾರ್ಮರ್ ಸುತ್ತುವ ಕಾಕಾ ಒಬ್ಬರು 12 ವೋಲ್ಟ್ ಎಸಿಯದು ಸುತ್ತಿಕೊಟ್ಟರು, ದೀಪ ಹತ್ತಿತು. ಹಳೆಯ ಡ್ಯಾಕ್ ಕೊಳ್ಳುವ ಮೊದಲು ಅಡಾಪ್ಟರಿನ ಮೇಲಿನ ಅಕ್ಷರಗಳ ಫೋಟೊ ತರಿಸಿಕೊಳ್ಳಿ. ಔಟ್‌ಪುಟ್ ಪಕ್ಕದಲ್ಲಿ ಎಸಿ ಇದೆಯೋ ಡಿಸಿ ಇದೆಯೋ ನೋಡಿ. ಡಿ10ಎಸ್‌ಗೆ ಈ ತಂಟೆಯೇ ಇಲ್ಲ, ಯುಎಸ್‌ಬಿಯಿಂದಲೇ ಕರೆಂಟ್ ಎಳೆದುಕೊಳ್ಳುತ್ತದೆ.

ಇನ್ನು ಕೇಳುವ ಮಾತು. ಮೊದಲ ಸಂಜೆ ಡ್ಯಾಕ್‌ಮ್ಯಾಜಿಕ್ ಗೆದ್ದಿತು ಅನಿಸಿತು. ದನಿ ತುಂಬಿಕೊಂಡು ಮುಂದೆ ಬಂದ ಹಾಗೆ. ಆದರೆ ಸ್ವಲ್ಪ ಜೋರಾಗಿದ್ದದ್ದೆಲ್ಲ ಕಿವಿಗೆ ಚೆನ್ನಾಗಿಯೇ ಕೇಳಿಸುತ್ತದೆ, ಅಲ್ವಾ? ಅದಕ್ಕೆ 200 ಹರ್ಟ್ಜ್‌ನ ಒಂದೇ ಸ್ವರದ ಫೈಲ್ ಹಾಕಿ, ಸ್ಪೀಕರ್ ತುದಿಯಲ್ಲಿ ಮಲ್ಟಿಮೀಟರ್ ಹಿಡಿದೆ. ಅಗ್ಗದ ಮೀಟರ್ ಇಂಥ ತಗ್ಗಿನ ಸ್ವರವನ್ನು ಸರಿಯಾಗಿ ಅಳೆಯುತ್ತದೆ, ಮೇಲಿನ ಸ್ವರಗಳನ್ನು ನಂಬುವ ಹಾಗಿಲ್ಲ. ಡ್ಯಾಕ್‌ಮ್ಯಾಜಿಕ್ ನಿಜಕ್ಕೂ ಜಾಸ್ತಿ ವೋಲ್ಟ್ ಕೊಡುತ್ತಿತ್ತು. ಪ್ಲೇಯರಿನಲ್ಲಿ ಅದನ್ನು ತಗ್ಗಿಸಿ, ಎರಡೂ ನೂರಕ್ಕೆ ಒಂದು ಪಾಲಿನಷ್ಟು ಹತ್ತಿರ ಬರುವಂತೆ ಹೊಂದಿಸಿದೆ. ಆಮೇಲೆ ತಮ್ಮ ನನಗೆ ಹೇಳದೆ ವೈರ್ ಬದಲಿಸಿದ. ಹತ್ತು ಸಲದಲ್ಲಿ ಆರು ಸಲ ಸರಿಯಾಗಿ ಹೇಳಿದೆ. ಕಣ್ಣು ಮುಚ್ಚಿ ಊಹಿಸಿದರೂ ಅಷ್ಟು ಬರುತ್ತದೆ. ಹಳೆಯದರ ಮುಂದೆ ಅಲೆಯನ್ನು ನುಣುಪು ಮಾಡುವ ಬಗೆ ಬದಲಿಸುವ ಫಿಲ್ಟರ್ ಬಟನ್ ಇದೆ, ಅದನ್ನು ಒತ್ತಿ ಮೂರು ಬಗೆಯನ್ನೂ ಕೇಳಿದೆ. ವಚನ ಗಾಯನದಲ್ಲಿ ನನಗೆ ಬೇರೆ ಅನಿಸಲಿಲ್ಲ.

ಡಿ10ಎಸ್‌ನಲ್ಲಿ ಆಪ್‌ಆಂಪ್, ಅಂದರೆ ಹೊರಗೆ ಹೋಗುವ ಅಲೆಯನ್ನು ಬಲಪಡಿಸುವ ಪುಟ್ಟ ಚಿಪ್, ಕಿತ್ತು ಬೇರೆ ಹಾಕುವ ಸಾಕೆಟ್ ಇದೆ. ಇದ್ದದ್ದನ್ನು ತೆಗೆದು ಒಪಿಎ2134 ಕೂರಿಸಿದೆ. ಮಟ್ಟ ಹೊಂದಿಸಿ ಕೇಳಿದರೆ ಅದೇ ಸದ್ದು. ಈ ಅಪ್‌ಗ್ರೇಡಿಗೆ ದುಡ್ಡು ಹಾಕಬೇಡಿ.

ಹಾಗಾದರೆ ಎರಡೂ ಒಂದೇನಾ? ಸದ್ದಿನಲ್ಲಿ ಹೌದು, ಹಿಂಭಾಗದ ತೂತುಗಳಲ್ಲಿ ಅಲ್ಲ. ಡ್ಯಾಕ್‌ಮ್ಯಾಜಿಕ್‌ನ ಯುಎಸ್‌ಬಿ 16 ಬಿಟ್, 48 ಕಿಲೊಹರ್ಟ್ಜ್‌ಗೆ ನಿಲ್ಲುತ್ತದೆ. ಇಲ್ಲಿ ಬಿಟ್ ಅಂದರೆ ಸದ್ದಿನ ಒಂದೊಂದು ಅಳತೆ ಎಷ್ಟು ಸೂಕ್ಷ್ಮ, ಕಿಲೊಹರ್ಟ್ಜ್ ಅಂದರೆ ಸೆಕೆಂಡಿಗೆ ಎಷ್ಟು ಸಾವಿರ ಅಳತೆ. ಸಿಡಿ 16 ಬಿಟ್, 44.1 ಆದ್ದರಿಂದ ಸಿಡಿಯಿಂದ ತೆಗೆದ ಹಾಡಿಗೆ ಅಷ್ಟು ಸಾಕು. 24 ಬಿಟ್, 96ರ ಫೈಲುಗಳಿಗೆ ಆಪ್ಟಿಕಲ್ (ಬೆಳಕಿನ ವೈರ್) ಅಥವಾ ಕೋಆಕ್ಸಿಯಲ್ (ತಾಮ್ರದ ವೈರ್) ದಾರಿಯೇ ಆಗಬೇಕು. ಟಿವಿಯನ್ನೂ ಜೋಡಿಸಬಹುದು, ಅದು ದೊಡ್ಡ ಅನುಕೂಲ. ಡಿ10ಎಸ್‌ಗೆ ಒಳಗೆ ಬರುವ ದಾರಿ ಯುಎಸ್‌ಬಿ ಒಂದೇ, ಟಿವಿಯ ಆಪ್ಟಿಕಲ್ ವೈರ್ ಅದಕ್ಕೆ ಆಗುವುದಿಲ್ಲ.

ಲ್ಯಾಪ್‌ಟಾಪ್ ಒಂದರಿಂದಲೇ ಕೇಳುವವರು ಡಿ10ಎಸ್ ತಗೊಳ್ಳಿ. ಟಿವಿ, ಸಿಡಿ ಪ್ಲೇಯರ್ ಇದ್ದರೆ, ಅಡಾಪ್ಟರ್ ಸಮೇತ ಸಿಕ್ಕರೆ ಡ್ಯಾಕ್‌ಮ್ಯಾಜಿಕ್. ನಮ್ಮ ಬೇಸಿಗೆಗೆ ಅದನ್ನು ಬಿಸಿಯಾಗುವ ಆಂಪ್ಲಿಫೈಯರ್ ಮೇಲೆ ಮಾತ್ರ ಇಡಬೇಡಿ. ಹೊರಗೆ 42 ಡಿಗ್ರಿ ಇರುವಾಗ ಒಳಗಿನ ಹಳೆಯ ಕೆಪಾಸಿಟರುಗಳು ಬೇಗ ಒಣಗುತ್ತವೆ.

ನನಗೆ ಇನ್ನೂ ಉಳಿದದ್ದು ಆ ಗುಂಯ್. ಚಾರ್ಜರ್ ಹಾಕಿದರೆ ಯುಎಸ್‌ಬಿಯಿಂದ ಎರಡೂ ಡ್ಯಾಕ್‌ಗಳಲ್ಲಿ ಅದು ಬರುತ್ತಿತ್ತು. ತಪ್ಪು ಡ್ಯಾಕ್‌ಗಳದ್ದಲ್ಲ. ಚಾರ್ಜರಿನಿಂದ ಸೋರುವ ಕರೆಂಟ್ ವೈರಿನ ಅರ್ಥ್ ಹಿಡಿದು ಆಂಪ್ಲಿಫೈಯರ್‌ವರೆಗೂ ಹೋಗುತ್ತಿತ್ತು. ಆಗ ಹೊಳೆಯಿತು: ಡಿ10ಎಸ್‌ನಿಂದ ಹೊರಗೆ ಹೋಗುವ ಆಪ್ಟಿಕಲ್ ದಾರಿ ಇದೆ, ಡ್ಯಾಕ್‌ಮ್ಯಾಜಿಕ್‌ಗೆ ಒಳಗೆ ಬರುವ ಆಪ್ಟಿಕಲ್ ದಾರಿ ಇದೆ. ಮಧ್ಯೆ ಹೋಗುವುದು ಬರೀ ಬೆಳಕು, ಬೆಳಕಿನಲ್ಲಿ ಕರೆಂಟ್ ಹರಿಯುವುದಿಲ್ಲ. ಲ್ಯಾಪ್‌ಟಾಪಿನಿಂದ ಚಿಕ್ಕದಕ್ಕೆ, ಅಲ್ಲಿಂದ ದೊಡ್ಡದಕ್ಕೆ ಜೋಡಿಸಿದೆ. ಚಾರ್ಜರ್ ಚುಚ್ಚಿದೆ. ಗುಂಯ್ ಸದ್ದೇ ಇಲ್ಲ. 96ರ ಫೈಲುಗಳೂ ಹಾಗೆಯೇ ಬಂದವು. ಮಾರಬೇಕು ಅಂದುಕೊಂಡಿದ್ದ ಒಂದನ್ನು ಇಟ್ಟುಕೊಂಡೆ.

ಅದೇ ದಿನ ಅವ್ವ ಪರಸಿ ಕಲ್ಲಿನ ಮೇಲೆ ದಪ್ಪ ಜಮಖಾನ ಹಾಸಿದ್ದಳು. ಶಹಾಬಾದಿನ ಬರಿಗಲ್ಲು ದನಿಯನ್ನು ವಾಪಸ್ ಎಸೆಯುತ್ತದೆ. ಜಮಖಾನ ಹಾಸಿದ ಮೇಲೆ ಮಾತುಗಳ ತುದಿ ಬಿಡಿಸಿ ಕೇಳಿಸತೊಡಗಿತು. ಎರಡು ಡ್ಯಾಕ್‌ಗಳ ನಡುವೆ ಸಿಗದ ವ್ಯತ್ಯಾಸ ಇಲ್ಲಿ ಸಿಕ್ಕಿತು. ಅಪ್ಪ ಗೋಡೆಗೆ ಒರಗಿ ಕೂತಿದ್ದರು.

"ತಮ್ಮಾ, ಈಗ ತಂಬೂರಿ ಛಂದ ಕೇಳಸ್ತದ ನೋಡು" ಅಂದರು.